ಪಫ್ ಹೊಡೆಸುವ ಮೊದಲು ಇಷ್ಟು ಕೇಳಿ

ಮಾರ್ಚ್ ಬಂತೆಂದರೆ ಶೀಟಿನ ಛಾವಣಿಯ ಕೆಳಗೆ ಕೂರಲಾಗದು. ಅದಕ್ಕೇ ಗೋಡೌನಿಗೆ, ಕೋಲ್ಡ್ ಸ್ಟೋರೇಜಿಗೆ, ಈಗೀಗ ಮನೆಯ ತಾರಸಿಗೂ ‘ಪಫ್ ಸ್ಪ್ರೇ’, ಅಂದರೆ ಪಾಲಿಯುರೆಥೇನ್ ಫೋಮ್, ಹೊಡೆಸುತ್ತಾರೆ. ಸೈಟ್ ಎಂಜಿನಿಯರಾಗಿ ನಾನೂ ಹೊಡೆಸಿದ್ದೇನೆ. ಸೆಕೆ ತಗ್ಗುವುದು ನಿಜ. ಮಾಲೀಕರು ಕೇಳುವುದು ಎರಡೇ: ಚದರಡಿಗೆ ಎಷ್ಟು, ಗ್ಯಾರಂಟಿ ಎಷ್ಟು ವರ್ಷ. ಗನ್ ಹಿಡಿಯುವ ಹುಡುಗ ಮೂಗಿಗೆ ಏನು ಕಟ್ಟಿಕೊಳ್ಳುತ್ತಾನೆ ಎಂದು ಒಬ್ಬರೂ ಕೇಳಿದ್ದಿಲ್ಲ.

ಕಟ್ಟಿಕೊಳ್ಳುವುದು ಕರ್ಚೀಫು. ಎರಡು ಡ್ರಮ್ಮಿನ ದ್ರವ ಗನ್ನಿನ ಮೂತಿಯಲ್ಲಿ ಬೆರೆತು ಸಿಡಿದು, ತಗಡಿಗೆ ತಾಗಿದ ಕೆಲವೇ ಸೆಕೆಂಡಿನಲ್ಲಿ ಉಬ್ಬಿ ಬಿಗಿಯುತ್ತದೆ. ಏಣಿ ಇಳಿದವನ ಹುಬ್ಬಿಗೂ ಅದರದೇ ಪುಡಿ ಮೆತ್ತಿರುತ್ತದೆ. ಒಂದು ಡ್ರಮ್ಮಿನಲ್ಲಿರುವುದು ಎಂಡಿಐ ಎಂಬ ಐಸೊಸಯನೇಟ್. (ಭೋಪಾಲದ ಅನಿಲ ಇದಲ್ಲ, ಅದು ಇದೇ ಕುಲದ, ಬಲುಬೇಗ ಆವಿಯಾಗುವ, ಇನ್ನೂ ಘೋರ ದಾಯಾದಿ.) ಎಂಡಿಐ ಒಮ್ಮೆ ಮೈಗೆ ಅಲರ್ಜಿಯಾಗಿ ಕೂತರೆ, ಆಮೇಲೆ ತೀರ ಅಲ್ಪ ಪ್ರಮಾಣವೂ ಉಬ್ಬಸ ತರಿಸುತ್ತದೆ, ಹುಡುಗ ಕಸುಬನ್ನೇ ಬಿಡಬೇಕಾಗುತ್ತದೆ. ಸ್ಪ್ರೇ ಆದ ಮೇಲೆ ಬರುವ ಮೀನು ವಾಸನೆ ಇನ್ನೊಂದು ಡ್ರಮ್ಮಿನ ಅಮೈನಿನದು. ಎಂಡಿಐ ಅಪಾಯದ ಮಟ್ಟದಲ್ಲಿದ್ದರೂ ಮೂಗಿಗೆ ಗೊತ್ತಾಗುವುದಿಲ್ಲ. ‘ವಾಸನೆ ಹೋಯ್ತು, ಒಳಗೆ ಬನ್ನಿ ಸಾರ್’ ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಒಳಗಡೆ ಹೊಡೆಸಿದರೆ 24 ಗಂಟೆಯಾದರೂ ಗಾಳಿಯಾಡಲು ಬಿಟ್ಟು, ಮನೆಯವರು ಬೇರೆಲ್ಲಾದರೂ ಇರಲಿ.

ಸರಿಯಾಗಿ ಬೆರೆತು ಗಟ್ಟಿಯಾದ ಫೋಮಿನ ಬಗ್ಗೆ ನನಗೆ ಅಷ್ಟು ಹೆದರಿಕೆಯಿಲ್ಲ, ಬೆಂಕಿಯೊಂದನ್ನು ಬಿಟ್ಟು. ಹೊತ್ತಿಕೊಂಡರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ತುಂಬಿದ ಕರಿಹೊಗೆ. ದಕ್ಷಿಣ ಕೊರಿಯಾದ ಇಚಿಯೋನ್‌ನಲ್ಲಿ 2008ರ ಜನವರಿಯಲ್ಲಿ ಗೋದಾಮೊಂದು ಉರಿದು 40 ಜನ ಸತ್ತರು. ಅದೇ ಊರಿನಲ್ಲಿ 2020ರ ಏಪ್ರಿಲ್‌ನಲ್ಲಿ, ಕಟ್ಟುತ್ತಿದ್ದ ಇನ್ನೊಂದು ಗೋದಾಮಿನಲ್ಲಿ 38 ಜನ. ವೆಲ್ಡಿಂಗ್ ಕಿಡಿ ಯುರೆಥೇನ್ ಫೋಮಿಗೆ ತಗುಲಿತೆಂದು ಅಲ್ಲಿನ ಪೊಲೀಸರು ಹೇಳಿದರು. ನಾನು ಕಂಡ ಸೈಟುಗಳಲ್ಲೂ ಕ್ರಮ ಅದೇ: ಫೋಮ್ ಮೊದಲು, ಪೈಪಿನ ವೆಲ್ಡಿಂಗ್ ಆಮೇಲೆ. ಅಮೆರಿಕದ ಕಟ್ಟಡ ನಿಯಮದಲ್ಲಿ ಒಳಗಿನ ಫೋಮನ್ನು ಸಾಮಾನ್ಯವಾಗಿ ಅರ್ಧ ಇಂಚಿನ ಜಿಪ್ಸಂ ಬೋರ್ಡಿನಿಂದಲೋ ಅಷ್ಟೇ ತಡೆಯುವ ಬೇರೊಂದರಿಂದಲೋ ಮುಚ್ಚಬೇಕು. ನಾವು ಬರಿಮೈಯಲ್ಲೇ ಬಿಟ್ಟು ಬಿಲ್ ಪಾಸು ಮಾಡುತ್ತೇವೆ.

ಆದ್ದರಿಂದ ಕೊಟೇಶನ್ನಿನಲ್ಲೇ ಬರೆಸಿ: ಒಳಗೆ ಸ್ಪ್ರೇ ಮಾಡುವವನಿಗೆ ಪೈಪಿನಲ್ಲಿ ಶುದ್ಧ ಗಾಳಿ ಬರುವ ಪೂರ್ತಿಮುಖದ ಮಾಸ್ಕು, ವೆಲ್ಡಿಂಗ್ ಎಲ್ಲ ಮುಗಿದ ಮೇಲೇ ಫೋಮು, ಅದರ ಮೇಲೊಂದು ಬೋರ್ಡು. ದರ ಏರುತ್ತದೆ, ಏರಲಿ. ಅಷ್ಟು ಕೊಡಲು ಮನಸ್ಸಿಲ್ಲದವರು ತಾರಸಿಗೆ ಕೂಲ್ ರೂಫ್ ಬಿಳಿ ಬಣ್ಣ ಬಳಿಸಿದರೂ ಸೆಕೆ ಒಂದಿಷ್ಟು ಇಳಿಯುತ್ತದೆ.