ಕೀಲಿ ಕೊಟ್ಟವರ ವಯಸ್ಸೆಷ್ಟು?

ಈ ಬೇಸಿಗೆಗೆ ಧಾರವಾಡದಿಂದ ಅಣ್ಣನ ಮಗ ನಮ್ಮ ಬಿಬವೇವಾಡಿ ಮನೆಗೆ ಬಂದಿದ್ದ. ಹದಿನೆಂಟು ತುಂಬಿ ನಾಲ್ಕು ತಿಂಗಳಾಗಿದೆ. ಮೊಬೈಲ್ ತುಂಬ ಲ್ಯಾಂಬೋರ್ಗಿನಿ, ಫೆರಾರಿ, ಪೋರ್ಷೆಗಳ ರೀಲ್ಸ್. ಬಂದ ಎರಡನೇ ದಿನವೇ ಗೋಡೆಗೆ ನೇತುಹಾಕಿದ್ದ ನನ್ನ ಕಾರಿನ ಕೀಲಿಯ ಮುಂದೆ ನಿಂತ. "ಕಾಕಾ, ಗಂಗಾಧಾಮ್ ಚೌಕದ ತನಕ ಒಂದ್ ರೌಂಡ್ ಹೊಡ್ಕೊಂಡ್ ಬರ್ಲೇನ್ರಿ?"

"ಲೈಸೆನ್ಸ್ ಐತೇನೋ?"

"ಎಲ್ಎಲ್ಆರ್ ಆಗೇತ್ರಿ."

ನಾನು ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡ. ಸ್ವಲ್ಪ ಹೊತ್ತಿನ ನಂತರ ಕೇಳಿದ: "ನಿಮ್ಮ ಪುಣೆದಾಗ ಆ ಪೋರ್ಷೆ ಹುಡುಗ ಏನಾದ್ರಿ ಕಾಕಾ?"

ನನ್ನದು 1.2 ಲೀಟರಿನ ಸಣ್ಣ ಕಾರು. ಅದಕ್ಕೂ ಪೋರ್ಷೆಗೂ ಸಂಬಂಧವಿಲ್ಲ ಅನ್ನಿಸಬಹುದು. ಆದರೆ ಹುಡುಗ ಕೇಳಿದ ಎರಡೂ ಪ್ರಶ್ನೆಗಳು ಒಂದೇ ಎಂದು ನನಗೆ ಆಮೇಲೆ ಹೊಳೆಯಿತು.

ಆ ರಾತ್ರಿ ಆಗಿದ್ದೇನು?

2024ರ ಮೇ 19, ಭಾನುವಾರ ನಸುಕಿನ ಎರಡೂವರೆಯ ಸುಮಾರು. ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಟೈಕಾನ್ ಕಾರು ಬೈಕೊಂದಕ್ಕೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರೂ ಸತ್ತರು. ಇಬ್ಬರೂ ಇಪ್ಪತ್ನಾಲ್ಕರ ಹರೆಯದ ಸಾಫ್ಟ್‌ವೇರ್ ಎಂಜಿನಿಯರ್‌ಗಳು, ಮಧ್ಯಪ್ರದೇಶದಿಂದ ಕೆಲಸಕ್ಕೆಂದು ಈ ಊರಿಗೆ ಬಂದವರು. ಅಂದರೆ ನನ್ನಂಥವರೇ. ಶನಿವಾರ ರಾತ್ರಿ ರಿಲೀಸ್ ಇದ್ದಾಗ ಖರಾಡಿ ಕಡೆಯಿಂದ ಬಿಬವೇವಾಡಿಗೆ ಬೈಕಿನಲ್ಲಿ ಬರುವಾಗ ನಾನು ಎಷ್ಟೋ ಸಲ ಕಲ್ಯಾಣಿ ನಗರವನ್ನೇ ದಾಟಿ ಬಂದಿದ್ದೇನೆ. ಆ ಸುದ್ದಿ ಬಂದ ದಿನ ಊರಿನಿಂದ ಅವ್ವ ಎರಡು ಸಲ ಫೋನ್ ಮಾಡಿದ್ದಳು.

ಹುಡುಗ ಹನ್ನೆರಡನೇ ತರಗತಿ ಪಾಸಾದ ಖುಷಿಗೆ ಗೆಳೆಯರೊಂದಿಗೆ ಪಬ್‌ಗಳಿಗೆ ಹೋಗಿದ್ದ ಎಂದು ಪೊಲೀಸರು ಹೇಳಿದರು. ಮಹಾರಾಷ್ಟ್ರದಲ್ಲಿ ಮದ್ಯ ಕುಡಿಯಲು 25 ವರ್ಷ ಆಗಿರಬೇಕು, ಬಿಯರ್‌ಗೆ 21. ಕಾರು ಓಡಿಸಲು 18. ಆ ಹುಡುಗನಿಗೆ ಇದ್ಯಾವುದೂ ಆಗಿರಲಿಲ್ಲ. ಅದೇ ದಿನ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎಂಬುದು ಷರತ್ತುಗಳಲ್ಲೊಂದು. ದೇಶವೆಲ್ಲ ಸಿಟ್ಟಿಗೆದ್ದ ಮೇಲೆ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದರು. ಜೂನ್ 25ರಂದು ಬಾಂಬೆ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ವಯಸ್ಕನಂತೆ ವಿಚಾರಣೆ ನಡೆಸಬೇಕೆಂಬ ಪೊಲೀಸರ ಅರ್ಜಿಯನ್ನು 2025ರ ಜುಲೈಯಲ್ಲಿ ಮಂಡಳಿ ತಳ್ಳಿಹಾಕಿತು.

ಈ ಕೊನೆಯ ಸಂಗತಿಗೆ ಹಲವರು ಬರೀ ದುಡ್ಡಿನ ಪ್ರಭಾವ ಎಂದರು. ಕಾನೂನಿನ ತೊಡಕನ್ನೂ ನೋಡಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16ರಿಂದ 18ರ ನಡುವಿನವರನ್ನು ವಯಸ್ಕರಂತೆ ವಿಚಾರಿಸಬೇಕಾದರೆ ಅಪರಾಧ 'ಘೋರ' ಆಗಿರಬೇಕು, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಇರಬೇಕು. ಈ ಪ್ರಕರಣದಲ್ಲಿ ಹಚ್ಚಿದ ಐಪಿಸಿ 304ನೇ ಕಲಮಿಗೆ ಗರಿಷ್ಠ ಶಿಕ್ಷೆ ದೊಡ್ಡದು, ಕನಿಷ್ಠ ಶಿಕ್ಷೆ ಇಲ್ಲ. 2016ರಲ್ಲಿ ದೆಹಲಿಯಲ್ಲಿ ಅಪ್ರಾಪ್ತನೊಬ್ಬ ಓಡಿಸಿದ ಮರ್ಸಿಡಿಸ್ ಗುದ್ದಿ ಒಬ್ಬ ಯುವಕ ಸತ್ತಿದ್ದ. ಸತ್ತವನ ಅಕ್ಕ ಸುಪ್ರೀಂ ಕೋರ್ಟಿನವರೆಗೆ ಹೋದರು. 2020ರ ಜನವರಿಯಲ್ಲಿ ಬಂದ ಆ ತೀರ್ಪು, ಕನಿಷ್ಠ ಶಿಕ್ಷೆ ನಿಗದಿಯಾಗದ ಇಂಥ ಅಪರಾಧಗಳು 'ಘೋರ' ವರ್ಗಕ್ಕೆ ಸೇರುವುದಿಲ್ಲ, ಬದಲಾಯಿಸುವುದಿದ್ದರೆ ಸಂಸತ್ತೇ ಬದಲಾಯಿಸಬೇಕು ಎಂದಿತು. ದೆಹಲಿಯ ಸಾವಿನಿಂದ ಪುಣೆಯ ಸಾವುಗಳ ತನಕ ಎಂಟು ವರ್ಷ ಸಿಕ್ಕಿತ್ತು. ಆ ಸಂದು ಹಾಗೇ ಉಳಿದಿತ್ತು.

ವಯಸ್ಸೋ, ವಾಹನವೋ?

ಹರೆಯದವರ ಕೈಗೆ ಇಂಥ ಕಾರು ಕೊಡಬಹುದೇ ಎಂಬ ಚರ್ಚೆ ಪ್ರತಿ ಅಪಘಾತದ ನಂತರ ಏಳುತ್ತದೆ. "ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ" ಎನ್ನುವುದು ಸುಲಭ. ಆದರೆ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಹದಿಹರೆಯದಲ್ಲೇ ರೇಸ್ ಕಾರು ಓಡಿಸಿದವರು. ಟೈಕಾನ್‌ಗಿಂತ ಎಷ್ಟೋ ಚುರುಕಿನ ಯಂತ್ರಗಳನ್ನು ಅವರು ಆ ವಯಸ್ಸಿನಲ್ಲೇ ಹಿಡಿತದಲ್ಲಿಟ್ಟುಕೊಂಡರು. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅವರು ಚಿಕ್ಕಂದಿನಿಂದ ಕಾರ್ಟಿಂಗ್ ಕಲಿತು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಪ್ರತಿ ಮೆಟ್ಟಿಲಿಗೂ ಲೈಸೆನ್ಸ್ ಬೇಕು. ಟ್ರ್ಯಾಕಿನಲ್ಲಿ ಎದುರಿನಿಂದ ಬರುವ ಗಾಡಿ ಇಲ್ಲ, ಅಡ್ಡ ಬರುವ ಅಜ್ಜಿ ಇಲ್ಲ, ಕೆಂಪು ಬಾವುಟ ಹಿಡಿದು ನಿಂತವರಿದ್ದಾರೆ. ಕೌಶಲ ವಯಸ್ಸಿನಿಂದ ತಾನಾಗಿ ಬರುವುದಿಲ್ಲ, ದುಡ್ಡಿನಿಂದಲೂ ಬರುವುದಿಲ್ಲ.

ಇನ್ನೊಂದು ಕಡೆ, ವಯಸ್ಸಾದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. 2021ರ ಆಗಸ್ಟ್ 31ರ ನಸುಕಿನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಆಡಿ ಕ್ಯೂ3 ಕಾರು ಅಪ್ಪಳಿಸಿ ಏಳು ಮಂದಿ ಯುವಕ ಯುವತಿಯರು ಸತ್ತರು. ಅಲ್ಲಿ ಅಪ್ರಾಪ್ತರ ಪ್ರಶ್ನೆ ಇರಲಿಲ್ಲ. ಯಾರೂ ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಬ್ಬನ್ ರಸ್ತೆ ಬಳಿ ಲ್ಯಾಂಬೋರ್ಗಿನಿಯೊಂದು ಸಂಚಾರ ಪೊಲೀಸರ ಚೌಕಿಗೇ ನುಗ್ಗಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಅಲ್ಲಿ ಸ್ಟೀರಿಂಗ್ ಹಿಡಿದಿದ್ದವನೂ ವಯಸ್ಕನೇ.

ನಾನು ಎಂಜಿನಿಯರ್, ಹಾಗಾಗಿ ಸ್ವಲ್ಪ ಲೆಕ್ಕ. ಒಣ ರಸ್ತೆ, ಒಳ್ಳೆಯ ಬ್ರೇಕ್, ಎಚ್ಚರವಾಗಿರುವ ಚಾಲಕ. ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಗಾಡಿ ನಿಲ್ಲಲು ಒಟ್ಟು ಸುಮಾರು 28 ಮೀಟರ್ ಬೇಕು. 100ರಲ್ಲಿ ಸುಮಾರು 83 ಮೀಟರ್. 150ರಲ್ಲಿ ಸುಮಾರು 165 ಮೀಟರ್. ವೇಗ ಮೂರು ಪಟ್ಟು, ನಿಲ್ಲಲು ಬೇಕಾದ ದಾರಿ ಆರು ಪಟ್ಟು. ಹೊಡೆತದ ಶಕ್ತಿಯಂತೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಟನ್ನಿನ ಕಾರು 50ರಲ್ಲಿ ಹೊಡೆಯುವುದಕ್ಕೂ ಎರಡು ಟನ್ನಿನ ಕಾರು 150ರಲ್ಲಿ ಹೊಡೆಯುವುದಕ್ಕೂ ಹದಿನೆಂಟು ಪಟ್ಟು ವ್ಯತ್ಯಾಸ. ಟೈಕಾನ್ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ. ವಿದ್ಯುತ್ ಕಾರಾದ್ದರಿಂದ ಎಂಜಿನ್ ಗುಡುಗುವುದಿಲ್ಲ, ಪೆಡಲ್ ಒತ್ತಿದ ತಕ್ಷಣ ಪೂರ್ತಿ ಎಳೆತ ಸಿಗುತ್ತದೆ. ಹಳೆಯ ಗಾಡಿಗಳು ವೇಗ ಹೆಚ್ಚಾದರೆ ನಡುಗಿ, ಕಿರುಚಿ ಎಚ್ಚರಿಸುತ್ತಿದ್ದವು. ಇವು ಸುಮ್ಮನಿರುತ್ತವೆ.

ಇದನ್ನು ಹರೆಯದ ಮಿದುಳಿನ ಜೊತೆ ಇಟ್ಟು ನೋಡಿ. ಪರಿಣಾಮ ಅಳೆದು ಆಸೆಗೆ ಲಗಾಮು ಹಾಕುವ ಮಿದುಳಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತರ ನಡುಭಾಗದ ತನಕ ಹಿಡಿಯುತ್ತದೆ ಎನ್ನುತ್ತದೆ ವಿಜ್ಞಾನ. ಪಕ್ಕದಲ್ಲಿ ಗೆಳೆಯರು ಕೂತರೆ ಹರೆಯದ ಚಾಲಕರ ಅಪಾಯ ಹೆಚ್ಚುತ್ತದೆ ಎಂಬುದೂ ಗೊತ್ತಿರುವ ವಿಷಯ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ. ಸತ್ತವರಲ್ಲಿ ಮೂರನೇ ಎರಡರಷ್ಟು ಜನ 18ರಿಂದ 45ರೊಳಗಿನವರು. ಇವರೆಲ್ಲ ಪೋರ್ಷೆಗೆ ಸಿಕ್ಕಿ ಸತ್ತವರಲ್ಲ. ಪೋರ್ಷೆ ಸುದ್ದಿಯಾಗುತ್ತದೆ, ಉಳಿದದ್ದು ಅಂಕಿಯಾಗುತ್ತದೆ.

ಆಲ್ಟೊಗೂ ಅದೇ, ಪೋರ್ಷೆಗೂ ಅದೇ

ನಮ್ಮ ಕಚೇರಿಗಳಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಪ್ರೊಡಕ್ಷನ್ ಸರ್ವರ್‌ನ ಪೂರ್ಣ ಅಧಿಕಾರ ಕೊಡುವುದಿಲ್ಲ. ಅವರು ದಡ್ಡರು ಅಂತಲ್ಲ. ಒಂದು ತಪ್ಪು ಕಮಾಂಡ್‌ಗೆ ಎಷ್ಟು ಬೆಲೆ ತೆರಬೇಕೆಂದು ಗೊತ್ತಿರುವುದರಿಂದ. ಮೊದಲು ಓದುವ ಅಧಿಕಾರ, ಆಮೇಲೆ ಟೆಸ್ಟ್ ಸರ್ವರ್, ಹಿರಿಯರ ಒಪ್ಪಿಗೆಯ ಮೇಲೆ ಮುಂದಿನದು. ರಸ್ತೆಯಲ್ಲಿ ನಾವು ಮಾಡಿರುವುದು ಇದರ ತದ್ವಿರುದ್ಧ. ಆರ್‌ಟಿಒ ಮೈದಾನದಲ್ಲಿ ಆಲ್ಟೊದಲ್ಲಿ ಎಂಟು ಹೊಡೆದು ಪಡೆದ ಲೈಸೆನ್ಸಿನಲ್ಲೇ ಮರುದಿನ ಲ್ಯಾಂಬೋರ್ಗಿನಿ ಓಡಿಸಬಹುದು. ಕಾನೂನಿನ ಕಣ್ಣಿಗೆ ಎರಡೂ 'ಲಘು ಮೋಟಾರು ವಾಹನ'.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳಲ್ಲಿ ಹೊಸ ಚಾಲಕರು ಟನ್ನಿಗೆ 130 ಕಿಲೋವ್ಯಾಟ್ ಮೀರಿದ ಕಾರು ಓಡಿಸುವಂತಿಲ್ಲ. ಲೆಕ್ಕ ಹಾಕಿದರೆ ನಮ್ಮ ಆಲ್ಟೊ ಕೆ10 ಟನ್ನಿಗೆ 65ರ ಆಸುಪಾಸು ಬರುತ್ತದೆ. ಅಡಿಲೇಡ್‌ನಲ್ಲಿ 2019ರಲ್ಲಿ ಲ್ಯಾಂಬೋರ್ಗಿನಿ ಗುದ್ದಿ ಹದಿನೈದರ ಹುಡುಗಿ ಸತ್ತ ಮೇಲೆ ಅಲ್ಲಿನ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಇನ್ನೂ ಮುಂದೆ ಹೋಯಿತು. 2024ರ ಡಿಸೆಂಬರ್‌ನಿಂದ ಅತಿ ಶಕ್ತಿಶಾಲಿ ಕಾರುಗಳಿಗೆ ಎಲ್ಲ ವಯಸ್ಸಿನವರಿಗೂ ಬೇರೆಯೇ ಲೈಸೆನ್ಸ್ ವರ್ಗ ಮಾಡಿದೆ. ಇಟಲಿಯಲ್ಲೂ ಹೊಸ ಚಾಲಕರಿಗೆ ವಾಹನ ಶಕ್ತಿಯ ಮಿತಿ ಇದೆ. ಫೆರಾರಿ, ಲ್ಯಾಂಬೋರ್ಗಿನಿ ತಯಾರಿಸುವ ದೇಶವೇ ತನ್ನ ಹುಡುಗರಿಗೆ "ಸ್ವಲ್ಪ ತಡಿ" ಅನ್ನುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಪಾಲಕರ ಒಪ್ಪಿಗೆಯಿಂದಲೇ ಓಡಿಸಿದ್ದಾನೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಇಲ್ಲವೆಂದು ತೋರಿಸುವ ಹೊಣೆ ಪಾಲಕರದ್ದು. ಆದರೆ ಇದೆಲ್ಲ ನಡೆದುಹೋದ ಮೇಲಿನ ಮಾತು.

ಮುಂಚೆ ತಡೆಯಬಹುದಾದ ಜಾಗಗಳು ಎಷ್ಟಿದ್ದವು ನೋಡಿ. ಆ ಕಾರು ಬಂದದ್ದು ನಮ್ಮ ಬೆಂಗಳೂರಿನ ಡೀಲರ್ ಮೂಲಕ, ಕರ್ನಾಟಕದ ತಾತ್ಕಾಲಿಕ ನೋಂದಣಿಯಲ್ಲಿ. ಪುಣೆಯಲ್ಲಿ ಕಾಯಂ ನೋಂದಣಿಗೆ ಕಟ್ಟಬೇಕಿದ್ದ ಶುಲ್ಕ ಬರೀ 1,758 ರೂಪಾಯಿ. ಅದನ್ನು ಕಟ್ಟಿರಲಿಲ್ಲ ಎಂದು ಸಾರಿಗೆ ಇಲಾಖೆಯೇ ಹೇಳಿತು. ಅದು ಮೊದಲ ಬಾಗಿಲು. ವಯಸ್ಸು ಕೇಳದೆ ಗ್ಲಾಸ್ ಇಟ್ಟ ಪಬ್ಬು ಎರಡನೆಯದು. ಮೂರನೆಯದು ಮನೆಯ ಬಾಗಿಲು. ಕುಟುಂಬದ ಕಾರು ಚಾಲಕ ಜೊತೆಗಿದ್ದರೂ ಸ್ಟೀರಿಂಗ್ ಹಿಡಿದಿದ್ದು ಹುಡುಗನೇ, ಆಮೇಲೆ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವಂತೆ ಚಾಲಕನನ್ನೇ ಒತ್ತಾಯಿಸಿದರು ಎಂಬುದು ಪೊಲೀಸರ ಆರೋಪ. ಹುಡುಗನ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದಲ್ಲಿ ಸಸೂನ್ ಆಸ್ಪತ್ರೆಯ ಇಬ್ಬರು ವೈದ್ಯರ ಬಂಧನವೂ ಆಯಿತು. ಆರೋಪಗಳನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ತಿಂಗಳ ಸಂಬಳದ ಚಾಲಕ ಮಾಲೀಕರ ಮಗನಿಗೆ "ಬೇಡ ತಮ್ಮಾ" ಎಂದು ಹೇಳುವ ಸ್ಥಿತಿ ನಮ್ಮ ಎಷ್ಟು ಮನೆಗಳಲ್ಲಿದೆ? ಹುಡುಗನ ವಯಸ್ಸು ಹದಿನೇಳು. ಈ ಬಾಗಿಲುಗಳಲ್ಲಿ ನಿಲ್ಲಬೇಕಿದ್ದವರೆಲ್ಲ ವಯಸ್ಕರೇ.

ನಾವು ಏನು ಮಾಡಬಹುದು?

ಲೈಸೆನ್ಸನ್ನು ಗಾಡಿಯ ಶಕ್ತಿಗೆ ಜೋಡಿಸುವುದು ಕಷ್ಟವಲ್ಲ. ಶಕ್ತಿ, ತೂಕ, ಚಾಲಕನ ಅನುಭವದ ವರ್ಷಗಳು ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲೇ ಇವೆ. ಮೂರು ವರ್ಷ ದಂಡವಿಲ್ಲದೆ ಓಡಿಸಿದವರಿಗೆ ಮಾತ್ರ, ಟ್ರ್ಯಾಕಿನಲ್ಲಿ ತರಬೇತಿ ಪಡೆದ ಮೇಲೆ ಮೇಲಿನ ವರ್ಗ ಕೊಡಲಿ. ಇಂಥ ಕಾರುಗಳಲ್ಲಿ ಸಾಫ್ಟ್‌ವೇರಿಗೇನೂ ಬರವಿಲ್ಲ. ಕೀಲಿಗೆ ತಕ್ಕಂತೆ ವೇಗದ ಮಿತಿ ಹಾಕುವ ತಂತ್ರ ಹೊಸದಲ್ಲ. ವೋಲ್ವೊ 2020ರಿಂದ ತನ್ನ ಎಲ್ಲ ಹೊಸ ಕಾರುಗಳ ವೇಗವನ್ನು 180ಕ್ಕೆ ಕಟ್ಟಿದೆ. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಸದ್ದು ಮಾಡಬೇಕೆಂಬ ನಿಯಮವಿದೆ. ಅದು ಸದ್ದು ಮಾಡುತ್ತದೆ, ತಡೆಯುವುದಿಲ್ಲ. ಸ್ಟೀರಿಯೊ ಜೋರು ಮಾಡಿದರೆ ಕೇಳಿಸುವುದೂ ಇಲ್ಲ.

ಉಳಿದದ್ದು ಮನೆಯದು. ಇಲ್ಲಿ ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು. ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾನು ಅಪ್ಪನ ಎಂ80 ಓಡಿಸಿದವನು. ಹಿಟ್ಟಿನ ಗಿರಣಿಗೆ ಚೀಲ ಒಯ್ಯಲು ಅಪ್ಪನೇ ಕೀಲಿ ಕೊಟ್ಟಿದ್ದ. ಹದಿನಾರು ತುಂಬಿದವರಿಗೂ ಕಾನೂನು ಬಿಡುವುದು 50 ಸಿಸಿಯ ಗಾಡಿ ಮಾತ್ರ. ಎಂ80 ಅದನ್ನೂ ಮೀರಿದ್ದು. ಊರವರು "ಹುಡುಗ ಶಾಣ್ಯಾ ಆದ" ಅಂದರು. ಒಂದು ಸಂಜೆ ಎಮ್ಮೆ ಅಡ್ಡ ಬಂದು ಬಿದ್ದೆ, ಮೊಣಕಾಲು ಕೆತ್ತಿತು, ಅಷ್ಟೆ. ಅಷ್ಟಕ್ಕೇ ಮುಗಿದದ್ದು ನನ್ನ ಜಾಣತನದಿಂದಲ್ಲ, ಎಂ80ಯ ನಿಧಾನದಿಂದ. ಆ ಅಪ್ಪನಿಗೂ ಪೋರ್ಷೆಯ ಕೀಲಿ ಕೊಟ್ಟ ಮನೆಗೂ ದುಡ್ಡಿನಲ್ಲಿ ಅಜಗಜಾಂತರ. ಅಭ್ಯಾಸ ಮಾತ್ರ ಒಂದೇ.

ಅಣ್ಣನ ಮಗನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ. ಭಾನುವಾರ ಬೆಳಿಗ್ಗೆ ಆರಕ್ಕೆ, ಮಾರ್ಕೆಟ್ ಯಾರ್ಡ್‌ನ ಗದ್ದಲ ಈ ಕಡೆ ಹಬ್ಬುವ ಮೊದಲು, ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿ ನಾನೇ ಅವನನ್ನು ಕೂಡಿಸಿದೆ. ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟು ಕುಳಿತೆ. ನಲವತ್ತು ನಿಮಿಷದಲ್ಲಿ ಮೂರು ಸಲ ಗಾಡಿ ಬಂದ್ ಬಿತ್ತು. ಹಾಲಿನ ಸೈಕಲ್ಲೊಂದು ಓಣಿಯಿಂದ ತಟ್ಟನೆ ಬಂದಾಗ ಅವನು ಬ್ರೇಕ್ ಒತ್ತಿದ, ಸ್ವಲ್ಪ ತಡವಾಗಿ. ವೇಗ ಇಪ್ಪತ್ತೈದಿತ್ತು, ಹಾಗಾಗಿ ಎರಡು ಮಾರು ಮುಂಚೆ ನಿಂತಿತು. ಹುಡುಗನ ಕೈ ನಡುಗುತ್ತಿತ್ತು.

"ಕಾಕಾ, ಇನ್ನೊಂದ್ ಸ್ವಲ್ಪ ಜೋರಿದ್ದಿದ್ರ..." ಅಂದ.

ನಾನು ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಕೀಲಿಯನ್ನು ಅವನೇ ಗೋಡೆಗೆ ನೇತುಹಾಕಿದ.