ನೂರು ಸಿಟ್-ಅಪ್ಸ್ ಯಾರ ಲೆಕ್ಕಕ್ಕೆ?

ರಜೆಗೆ ಊರಿಗೆ ಬರುವ ನಮ್ಮ ಗಲ್ಫ್ ಹುಡುಗರಿಗೆ ಹೊಟ್ಟೆಯದ್ದೇ ಚಿಂತೆ. ಮಂಚದಡಿ ಕಾಲು ಸಿಕ್ಕಿಸಿ, ಕತ್ತು ಹಿಡಿದೆಳೆದು ನೂರು ಸಿಟ್-ಅಪ್ಸ್ ಹೊಡೆಯುತ್ತಾರೆ. ಕೆಲವರಿಗೆ ವಾರದಲ್ಲೇ ಸೊಂಟ ಹಿಡಿಯುತ್ತದೆ. ನಾವು ಹೇಳುವುದಿಷ್ಟೇ: ಲೆಕ್ಕ ಬಿಡಿ. ಚಾಪೆ ಮೇಲೆ ಮೊಣಕಾಲು ಮಡಚಿ, ಕೈಗಳನ್ನು ಎದೆ ಮೇಲೆ ಕಟ್ಟಿ, ಉಸಿರು ಬಿಡುತ್ತಾ ಭುಜವಷ್ಟೇ ಎತ್ತಿದರೂ ಸಾಕು. ಇಳಿಯುವಾಗ ಇನ್ನೂ ನಿಧಾನ. ಕಾಲು ಸಿಕ್ಕಿಸಿದರೆ ತೊಡೆಬುಡದ ಸ್ನಾಯುಗಳಿಗೆ ಹೆಚ್ಚು ಕೆಲಸ ಬೀಳುತ್ತದೆ, ಅವು ಸೊಂಟವನ್ನೇ ಜಗ್ಗುತ್ತವೆ. ಡಿಸ್ಕ್ ತೊಂದರೆ ಇದ್ದವರು, ಹೊಸದಾಗಿ ಹೆರಿಗೆಯಾದ ತಾಯಂದಿರು ಡಾಕ್ಟರನ್ನು ಕೇಳದೆ ಮಾಡಲೇಬಾರದು. ಅಂದಹಾಗೆ, ಇದರಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆಯೇ ಹೊರತು ಮೇಲಿನ ಕೊಬ್ಬು ಕರಗುವುದಿಲ್ಲ. ಅದಕ್ಕೆ ನಡಿಗೆ ಬೇಕು, ರಾತ್ರಿ ಹತ್ತರ ಬಿರಿಯಾನಿ ತಟ್ಟೆ ಸಣ್ಣದಾಗಬೇಕು. ಈ ಮಾತೆತ್ತಿದರೆ ಮಾತ್ರ ಯಾರೂ ಒಪ್ಪಲ್ಲ!