ಎರಡು ಬಾವುಟ, ಎರಡು ಮಾತು
ನೀರಿನಡಿ ಇರುವ ಡೈವರ್ ಮೇಲೆ ಬರುವ ದೋಣಿಗೆ ಕಾಣುವುದಿಲ್ಲ. ಎಂಜಿನ್ ಸದ್ದು ಅವನಿಗೆ ಕೇಳಿದರೂ ಯಾವ ದಿಕ್ಕಿನದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಅವನ ಪರವಾಗಿ ಬಾವುಟವೇ ಮಾತಾಡಬೇಕು. ಅಂಥವು ಎರಡಿವೆ, ಎರಡಕ್ಕೂ ಕೆಲಸ ಬೇರೆ. ಬಿಳಿ-ನೀಲಿ ಬಣ್ಣದ, ತುದಿ ಸೀಳಿದ ‘ಆಲ್ಫಾ’ ಬಾವುಟ ಅಂತರರಾಷ್ಟ್ರೀಯ ಸಂಕೇತಾವಳಿಯದು: ‘ನನ್ನ ಡೈವರ್ ನೀರಿನಲ್ಲಿದ್ದಾನೆ, ನಿಧಾನವಾಗಿ, ದೂರದಿಂದ ಸಾಗಿ’ ಎಂದು ಅದು ಹಡಗಿನ ಪರವಾಗಿ ಹೇಳುತ್ತದೆ. ಕೆಂಪಿನ ಮೇಲೆ ಓರೆಯಾದ ಬಿಳಿ ಪಟ್ಟೆಯದು ಅಮೆರಿಕದಲ್ಲಿ ಹುಟ್ಟಿದ್ದು. 1956ರಲ್ಲಿ ಡೆನ್ಜೆಲ್ ಡಾಕರಿ ರೂಪಿಸಿದ ಇದು ಡೈವರ್ ಇರುವ ಜಾಗವನ್ನೇ ತೋರಿಸುತ್ತದೆ. ಫ್ಲಾರಿಡಾದ ಕಾನೂನಿನಂತೆ ತೆರೆದ ನೀರಿನಲ್ಲಿ ದೋಣಿಗಳು ಇದರಿಂದ 300 ಅಡಿ ದೂರವಿರಲು ಯತ್ನಿಸಬೇಕು. ಗಾಳಿ ಬಿದ್ದಾಗ ಬಟ್ಟೆಯ ಬಾವುಟ ಜೋತುಬೀಳುತ್ತದೆ. ಅದಕ್ಕೇ ಸಣ್ಣ ದೋಣಿಗಳ ಆಲ್ಫಾ ಕನಿಷ್ಠ 1 ಮೀಟರ್ ಎತ್ತರದ ಗಟ್ಟಿ ಫಲಕವಾಗಿರಬೇಕು, ಎಲ್ಲ ದಿಕ್ಕಿನಿಂದಲೂ ಕಾಣಬೇಕು ಎನ್ನುತ್ತದೆ ಸಮುದ್ರಯಾನದ ನಿಯಮ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಕ್ಕೆಂದು ಹೋಗುವವರು ಮೀನು, ಹವಳಗಳ ಬಗ್ಗೆ ಕೇಳುವ ಮೊದಲು ದೋಣಿಯಲ್ಲಿ ಬಾವುಟ ಇದೆಯೇ ಎಂದು ವಿಚಾರಿಸಲಿ. ಇನ್ನೊಂದು ಶಿಸ್ತೂ ಬೇಕು: ಎಲ್ಲರೂ ಮೇಲೆ ಬಂದ ಮೇಲೆ ಅದನ್ನು ಇಳಿಸಬೇಕು. ಸದಾ ಹಾರುವ ಎಚ್ಚರಿಕೆಯನ್ನು ಯಾರೂ ನಂಬುವುದಿಲ್ಲ.